ಬರ್ತಾರೆ ವಕೀಲರ ಮೂರನೇ ಪ್ಯಾರಾ

ವಕೀಲರ ಸಂಘದ ಅಧ್ಯಕ್ಷರು ಹೋದ ವಾರ ನನ್ನ ಕಚೇರಿಗೆ ಬಂದರು. ಕೂರಲೂ ಇಲ್ಲ, ನಿಂತಲ್ಲೇ ವಿಷಯ ಹೇಳಿದರು.

"ಮೇಡಂ, ತೀರಿಕೊಂಡರಲ್ಲ ನಮ್ಮ 'ಬರ್ತಾರೆ' ವಕೀಲರು, ಅವರ ಬಗ್ಗೆ ಎರಡು ಪುಟ ಬರ್ಕೊಡ್ಬೇಕು. ಸಂಘದಲ್ಲಿ ಅವರ ಫೋಟೋ ಹಾಕೋ ದಿನ ಸಭೇಲಿ ಓದೋಕೆ. ಅವರ ಎದುರು ಅತಿ ಹೆಚ್ಚು ಕೇಸು ನಡೆಸಿದವರು ನೀವೇ ಅಲ್ವಾ."

"ಬೇರೆ ಯಾರಿಗಾದ್ರೂ ಹೇಳಿ. ನನ್ನ ನಾಲಿಗೆ ಎಂಥದ್ದು ಅಂತ ನಿಮಗೆ ಗೊತ್ತು."

"ಅದಕ್ಕೇ ನಿಮಗೆ ಹೇಳ್ತಿರೋದು. ನೀವು ಒಬ್ಬರನ್ನ ಹೊಗಳಿದ್ರೆ ಅದು ನಿಜಾನೇ ಇರ್ಬೇಕು ಅಂತ ಜನ ನಂಬ್ತಾರೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೋರ್ಟಿನ ಕಾರಿಡಾರಿನಲ್ಲಿ ನನ್ನ ಬೆನ್ನ ಹಿಂದೆ 'ಕತ್ತರಿ' ಎನ್ನುತ್ತಾರೆ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ, ಪಾಪ. ಬೇರೆ ದಿನವಾಗಿದ್ದರೆ ಅಧ್ಯಕ್ಷರನ್ನು ಎರಡು ಮಾತಿನಲ್ಲಿ ಬಾಗಿಲು ದಾಟಿಸುತ್ತಿದ್ದೆ. ಆದರೆ ಆಗುವುದಿಲ್ಲ ಎನ್ನಲು ಕಾರಣ ಹೇಳಬೇಕಿತ್ತು. ಆ ಕಾರಣವನ್ನು ಹದಿನೆಂಟು ವರ್ಷದಿಂದ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹಾಗಾಗಿ ಆಯಿತು ಎಂದೆ.

ಎರಡು ಪುಟಗಳನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಚೆನ್ನಾಗಿಯೇ ಇದ್ದವು. ಅವನ್ನು ಹರಿದು ಹಾಕಿ ಈಗ ಇದನ್ನು ಬರೆಯುತ್ತಿದ್ದೇನೆ.

ಈಚೆಗೆ ಕರಿಕೋಟು ಹಾಕಿದವರಿಗಾಗಿ ಮೊದಲು ಆ ಹೆಸರಿನ ಕಥೆ ಹೇಳುತ್ತೇನೆ. ಕೇಸು ಕರೆದಾಗ ಒಂದು ಕಡೆಯ ವಕೀಲ ಇಲ್ಲದಿದ್ದರೆ ಇನ್ನೊಂದು ಕಡೆಯವನಿಗೆ ಸುಗ್ಗಿ. ಅವನು ಏನೂ ಮಾಡಬೇಕಿಲ್ಲ, ಸುಮ್ಮನೆ ನಿಂತರೆ ಸಾಕು. ಬಾರದವನ ಸರದಿ ತಪ್ಪುತ್ತದೆ, ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ಹೋಗುತ್ತದೆ, ಕೆಲವು ಸಲ ಕೇಸೇ ಕೈಬಿಟ್ಟು ಹೋಗುತ್ತದೆ. ಇವರು ಮಾತ್ರ ಎದುರು ವಕೀಲ ಕಾಣದಿದ್ದರೆ ತಾವೇ ಎದ್ದು, "ಬರ್ತಾರೆ ಸ್ವಾಮಿ" ಎನ್ನುತ್ತಿದ್ದರು. ನ್ಯಾಯಾಧೀಶರು ಕಡತವನ್ನು ಬದಿಗಿಟ್ಟು ಆಮೇಲೆ ಕರೆಯುತ್ತಿದ್ದರು. ಎದುರಿನವನು ಕ್ಯಾಂಟೀನಿನಲ್ಲಿ ಚಹಾ ಹೀರುತ್ತ ಕೂತಿದ್ದರೂ ಬರ್ತಾರೆ. ಹಿಂದಿನ ದಿನ ಇವರನ್ನೇ ಬಾಯಿಗೆ ಬಂದಂತೆ ಬೈದಿದ್ದರೂ ಬರ್ತಾರೆ. ಒಮ್ಮೆ ಎದುರು ವಕೀಲರು ಬೆಳಿಗ್ಗೆಯೇ ತೀರಿಕೊಂಡದ್ದು ತಿಳಿಯದೆ "ಬರ್ತಾರೆ" ಎಂದುಬಿಟ್ಟರು. ನ್ಯಾಯಾಧೀಶರಿಗೆ ಸುದ್ದಿ ತಲುಪಿತ್ತು. ನಗಲೂ ಆಗದೆ ಅಳಲೂ ಆಗದೆ ಕೇಸನ್ನು ಮುಂದಿನ ತಿಂಗಳಿಗೆ ಹಾಕಿದರು.

"ಬರ್ತಾರೆ ವಕೀಲರ ಹತ್ರ ಎಲ್ಲಾ ಬರುತ್ತೆ, ಒಳ್ಳೇ ತೀರ್ಪೊಂದು ಬರಲ್ಲ" ಎಂಬ ಮಾತು ಕ್ಯಾಂಟೀನಿನಲ್ಲಿ ಬಹಳ ವರ್ಷ ಓಡಾಡಿತು. ಅದನ್ನು ಹುಟ್ಟಿಸಿದವಳು ನಾನೇ.

ಅವರು ಗಡಿಯಾರ ರಿಪೇರಿಯವರೊಬ್ಬರ ಮಗ. ವಕೀಲರಾದದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಬೀದಿವಾರು ವಿಂಗಡಿಸುವ ಕೆಲಸದಲ್ಲಿದ್ದರು. ಒಬ್ಬರಿಗೆ ಸೇರಬೇಕಾದ ಕಾಗದ ಅವರಿಗೆ ಸೇರಲೇಬೇಕು ಎನ್ನುವುದು ಅಲ್ಲಿಂದ ಅಂಟಿಸಿಕೊಂಡು ಬಂದ ಹಟ. ನಾಳೆ ಕೋರ್ಟಿನಲ್ಲಿ ಯಾವುದಾದರೂ ಹಳೆಯ ತೀರ್ಪನ್ನು ಎತ್ತಿ ಹೇಳುವುದಿದ್ದರೆ ಇವತ್ತೇ ಅದರ ನಕಲನ್ನು ಎದುರು ವಕೀಲರ ಮೇಜಿಗೆ ತಲುಪಿಸುತ್ತಿದ್ದರು. "ನಾಳೆ ಇದನ್ನ ಹೇಳ್ತೀನಿ ಮೇಡಂ, ನೋಡ್ಕೊಂಡು ಬನ್ನಿ" ಎಂದು ನನಗೆ ಎಷ್ಟು ಸಲ ಕೊಟ್ಟಿದ್ದಾರೋ. ನಾನು ನೋಡಿಕೊಂಡೇ ಹೋಗಿ, ಅದೇ ತೀರ್ಪಿನ ಇನ್ನೊಂದು ಸಾಲು ಹಿಡಿದು ಅವರನ್ನು ಎರಡು ಸಲ ಸೋಲಿಸಿದ್ದೇನೆ. ಸೋತ ದಿನ ಮೆಟ್ಟಿಲಿನ ಹತ್ತಿರ ಕಾದು ನಿಂತು, "ಆ ಸಾಲು ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ, ಚೆನ್ನಾಗಿ ಹಿಡಿದ್ರಿ" ಎಂದು ಹೇಳಿ ಹೋಗುತ್ತಿದ್ದರು. ವ್ಯಂಗ್ಯವಿರಬೇಕೆಂದು ಅವರ ಮುಖದಲ್ಲಿ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಬ್ರೆಡ್ಡಿನ ಅಂಗಡಿಯ ಮೇಲಿನ ಒಂದೂವರೆ ಕೋಣೆ ಅವರ ಕಚೇರಿ. ಒಂದು ಕೋಣೆಯಲ್ಲಿ ಅವರ ಮೇಜು, ಅರ್ಧ ಕೋಣೆಯಲ್ಲಿ ಅವರ ಹೆಂಡತಿಯ ಟೈಪ್‌ರೈಟರ್. ಮದುವೆಗೆ ಮೊದಲು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಗಂಡನ ಪ್ರತಿಯೊಂದು ಅರ್ಜಿ, ಪ್ರತಿಯೊಂದು ಪ್ರಮಾಣಪತ್ರ ಆಕೆಯ ಬೆರಳಿನಿಂದಲೇ ಬರಬೇಕು. ಆ ಕಚೇರಿಯ ಕಾಗದಕ್ಕೆ ಬಿಸಿ ಬ್ರೆಡ್ಡಿನ ವಾಸನೆ ಇರುತ್ತಿತ್ತು. ಒಂದು ಅಕ್ಷರ ಅತ್ತ ಇತ್ತ ಆಗಿದ್ದನ್ನು ಯಾರೂ ಕಂಡವರಿಲ್ಲ.

ಈಗ ಆ ಕೇಸು.

ಬಸ್‌ ನಿಲ್ದಾಣದ ಎದುರಿನ ಮೂರಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಆರಡಿ ಉದ್ದ ನಾಲ್ಕಡಿ ಅಗಲದ ಜಾಗದಲ್ಲಿ ಒಬ್ಬ ಕೀಲಿ ಮಾಡುವವನಿದ್ದ. ಅವನ ಅಪ್ಪನೂ ಅಲ್ಲೇ ಕೂತು ಕೀಲಿ ಮಾಡಿದವನು. ಕಟ್ಟಡದ ಯಜಮಾನ ಬದಲಾದ. ಹೊಸಬ, ಆ ಜಾಗ ತನ್ನ ಸ್ವಂತ ಉಪಯೋಗಕ್ಕೆ ಬೇಕೆಂದು ಹೇಳಿ, ಅವನನ್ನು ಎಬ್ಬಿಸಲು ಕೇಸು ಹಾಕಿದ. ಯಜಮಾನನ ವಕೀಲೆ ನಾನು, ಕೀಲಿಯವನ ವಕೀಲರು ಬರ್ತಾರೆ. ನನಗಾಗ ಮೂವತ್ತನಾಲ್ಕು. ನನ್ನನ್ನು ಹುಡುಕಿಕೊಂಡು ಬಂದ ಮೊದಲ ದೊಡ್ಡ ಕಕ್ಷಿದಾರ ಆ ಯಜಮಾನ. ಇದೊಂದು ಗೆದ್ದರೆ ಅವನ ಉಳಿದ ಕಟ್ಟಡಗಳ ಕೆಲಸವೂ ನನ್ನದೇ ಎಂದು ಬಾಯಿ ಬಿಟ್ಟು ಹೇಳಿದ್ದ.

ಯಜಮಾನ ಕಟಕಟೆಯಲ್ಲಿ ನಿಂತು ತನ್ನ ಹೇಳಿಕೆ ಕೊಟ್ಟಾಗಿತ್ತು. ಮರುದಿನ ಬರ್ತಾರೆ ವಕೀಲರು ಅವನಿಗೆ ಪಾಟೀಸವಾಲು ಹಾಕಬೇಕಿತ್ತು, ಅಂದರೆ ಎದುರು ಪಕ್ಷದ ವಕೀಲರಾಗಿ ಅವನನ್ನು ಪ್ರಶ್ನಿಸಬೇಕಿತ್ತು. ಕೀಲಿಯವನ ಅಂಗಡಿ ಉಳಿಯುವುದಿದ್ದರೆ ಆ ಪ್ರಶ್ನೆಗಳಿಂದಲೇ. ಯಜಮಾನನಿಗೆ ಆ ಮೂಲೆ ನಿಜಕ್ಕೂ ಬೇಕಾಗಿರಲಿಲ್ಲ. ಸರಿಯಾಗಿ ನಾಲ್ಕು ಪ್ರಶ್ನೆ ಬಿದ್ದರೆ ಅವನು ಬಡಬಡಿಸುತ್ತಾನೆಂದು ನನಗೂ ಗೊತ್ತಿತ್ತು.

ಹಿಂದಿನ ದಿನ ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ಸಿಕ್ಕರು.

"ನಾಳೆ ಸ್ವಲ್ಪ ಆಸ್ಪತ್ರೆ ಕೆಲಸ ಇದೆ ಮೇಡಂ. ಹನ್ನೆರಡರೊಳಗೆ ಬಂದುಬಿಡ್ತೀನಿ. ಅಷ್ಟರಲ್ಲಿ ಕರೆದ್ರೆ ನನ್ನ ಪರವಾಗಿ ಒಂದ್ಮಾತು ಹೇಳ್ತೀರಾ?"

"ಬರ್ತಾರೆ ಅಂತ ತಾನೇ? ಅದಕ್ಕೇನಂತೆ, ಹೇಳ್ತೀನಿ ಬಿಡಿ."

ಊರಿಗೆಲ್ಲ ಹಂಚಿದ ಆ ಒಂದು ಪದವನ್ನು ಅವರು ತಮಗಾಗಿ ಕೇಳಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ಹನ್ನೊಂದು ಇಪ್ಪತ್ತಕ್ಕೆ ಕೇಸು ಕರೆದರು. ಹೊಸದಾಗಿ ಬಂದ ನ್ಯಾಯಾಧೀಶರು. ಸಮಯದ ವಿಷಯದಲ್ಲಿ ಬಲು ಬಿಗಿ. "ಪ್ರತಿವಾದಿ ವಕೀಲರೆಲ್ಲಿ?" ಎಂದು ನನ್ನತ್ತ ನೋಡಿದರು. ಪದ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದೆ ಕೂತಿದ್ದ ಯಜಮಾನ ಮೆಲ್ಲಗೆ ಕೆಮ್ಮಿದ. ನಾನು ಕಡತದ ದಾರ ಬಿಚ್ಚುವವಳಂತೆ ತಲೆ ತಗ್ಗಿಸಿದೆ. ಬಿಚ್ಚಿ, ಮತ್ತೆ ಕಟ್ಟಿದೆ. "ಪಾಟೀಸವಾಲು ಇಲ್ಲ ಅಂತ ಬರ್ಕೊಳ್ಳಿ" ಎಂದರು ನ್ಯಾಯಾಧೀಶರು. ಕೀಲಿಯವನು ಹಿಂದಿನ ಬೆಂಚಿನಿಂದ ಎದ್ದು ಏನೋ ಹೇಳಲು ಹೊರಟ, ಜವಾನ ಭುಜ ಒತ್ತಿ ಕೂರಿಸಿದ. ಅರ್ಧ ನಿಮಿಷದ ಕೆಲಸ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರು ಬಂದರು. ಕೊರಳಪಟ್ಟಿ ಸೊಟ್ಟಗಿತ್ತು. ಗುಮಾಸ್ತ ಹೇಳಿದ್ದನ್ನು ಕೇಳಿಸಿಕೊಂಡು ನನ್ನ ಬಳಿ ಬಂದು, "ಬೇಗ ಕರೆದುಬಿಟ್ರಾ?" ಎಂದರು.

"ಹೂಂ, ಬೇಗ ಕರೆದ್ರು."

"ಇರ್ಲಿ. ಅರ್ಜಿ ಹಾಕ್ತೀನಿ," ಎಂದು ಕೀಲಿಯವನ ಪಕ್ಕ ಹೋಗಿ ಕೂತರು.

ಇನ್ನೊಂದು ಅವಕಾಶ ಕೊಡಿ ಎಂದು ಕೇಳುವ ಅರ್ಜಿ ಅದು. ಜೊತೆಗೆ, ಪ್ರಮಾಣ ಮಾಡಿ ಬರೆದುಕೊಟ್ಟ ಅವರದೇ ಪ್ರಮಾಣಪತ್ರ. ಮೂರು ದಿನದ ಮೇಲೆ ಅದರ ನಕಲು ನನ್ನ ಮೇಜಿಗೆ ಬಂತು. ಮೊದಲೆರಡು ಪ್ಯಾರಾ ಕೇಸಿನ ವಿವರ. ಮೂರನೇ ಪ್ಯಾರಾ ನನಗೆ ಇವತ್ತಿಗೂ ಬಾಯಿಪಾಠ: 'ಅಂದು ಬೆಳಿಗ್ಗೆ ನನ್ನ ಹೆಂಡತಿಯ ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಇತ್ತು. ಕಣ್ಣು ಉಳಿಯುವುದು ಖಚಿತವಿಲ್ಲವೆಂದು ವೈದ್ಯರು ಹೇಳಿದ್ದರು. ಆಕೆಯನ್ನು ಒಬ್ಬಳನ್ನೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ತಡವಾದದ್ದು ನನ್ನ ತಪ್ಪು, ನನ್ನ ಕಕ್ಷಿದಾರನದಲ್ಲ.' ಮೆಟ್ಟಿಲ ಮೇಲಿನ ಮಾತಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇನ್ನೊಂದನ್ನು ಗಮನಿಸಿದೆ. ಆ ಪುಟದಲ್ಲಿ ಮೂರು ಕಡೆ ಅಕ್ಷರದ ಮೇಲೆ ಅಕ್ಷರ ಕೂತಿತ್ತು. ಬ್ರೆಡ್ಡಿನ ವಾಸನೆಯ ಕಾಗದದಲ್ಲಿ ನಾನು ಕಂಡ ಮೊದಲ ತಪ್ಪುಗಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಆಕೆ ಇದನ್ನು ಟೈಪ್ ಮಾಡಿದ್ದಾರೆಂದು ನನಗೆ ಹೊಳೆಯಿತು.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಎದುರಿನವರ ಅರ್ಜಿಗೆ ತಕರಾರು ಬರೆಯುವಾಗ ಅದರ ಒಂದೊಂದು ಪ್ಯಾರಾವನ್ನೂ ಅಲ್ಲಗಳೆಯಬೇಕು; ಬಿಟ್ಟರೆ ಒಪ್ಪಿಕೊಂಡಂತೆ. ಅದಕ್ಕೆ ಸಾಲುಗಳು ಅಚ್ಚು ಹೊಡೆದಂತೆ ಸಿದ್ಧ ಇರುತ್ತವೆ: 'ಇಷ್ಟನೇ ಪ್ಯಾರಾದಲ್ಲಿ ಹೇಳಿರುವುದು ಶುದ್ಧ ಸುಳ್ಳು, ಈ ಸಂದರ್ಭಕ್ಕಾಗಿ ಹೆಣೆದ ಕಟ್ಟುಕಥೆ.' ಸಂಖ್ಯೆ ತುಂಬಿದರೆ ಮುಗಿಯಿತು. ಅರ್ಜಿದಾರ ಇಂಥ ಬೀದಿಯಲ್ಲಿ ವಾಸವಾಗಿದ್ದಾನೆ ಎಂಬುದನ್ನೂ ಶುದ್ಧ ಸುಳ್ಳೆಂದು ಬರೆದು, ಅದೇ ಬೀದಿಯ ವಿಳಾಸಕ್ಕೆ ನಕಲು ಕಳಿಸುವ ಜನ ನಾವು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ನಮ್ಮ ಸಮಾಧಾನ.

ನಾನು ಬರೆದೆ: 'ಮೂರನೇ ಪ್ಯಾರಾದಲ್ಲಿ ಹೇಳಿರುವುದು ಶುದ್ಧ ಸುಳ್ಳು, ಈ ಸಂದರ್ಭಕ್ಕಾಗಿ ಹೆಣೆದ ಕಟ್ಟುಕಥೆ.' ಅಚ್ಚಿನ ಸಾಲಿಗೆ ನನ್ನ ಕೈಯಿಂದ ಇನ್ನೊಂದನ್ನು ಸೇರಿಸಿದೆ: 'ಆಸ್ಪತ್ರೆಯ ಒಂದು ಚೀಟಿಯನ್ನೂ ಹಾಜರುಪಡಿಸಿಲ್ಲ.' ಹೆಂಡತಿಯ ಕಣ್ಣಿನ ಕಾಗದಗಳನ್ನು ಕೋರ್ಟಿನ ಕಡತಕ್ಕೆ ಹಾಕಿ ಹತ್ತು ಜನ ಮುಟ್ಟುವಂತೆ ಮಾಡುವ ಮನುಷ್ಯ ಅವರಲ್ಲವೆಂದು ಗೊತ್ತಿದ್ದೇ ಬರೆದೆ.

ಅರ್ಜಿಯ ವಿಚಾರಣೆಯ ದಿನ ನ್ಯಾಯಾಧೀಶರು ಅವರನ್ನು ಕೇಳಿದರು, "ಎದುರು ವಕೀಲರಿಗಾದ್ರೂ ಒಂದು ಮಾತು ಹೇಳಿಡ್ಬಹುದಿತ್ತಲ್ಲ?"

ಅವರು ನನ್ನ ಕಡೆ ತಿರುಗಿದರು. ದೂರುವ ನೋಟವಲ್ಲ ಅದು. ಬಾಗಿಲು ತೆರೆದು ಹಿಡಿದು, ಮೊದಲು ನೀವು ದಾಟಿ ಎಂದು ಕಾಯುತ್ತಾರಲ್ಲ, ಹಾಗೆ ನಿಂತರು. ಹೇಳಿಬಿಡಲು ನನಗೆ ಇನ್ನೂ ಸಮಯವಿತ್ತು. ನಾನು ಪುಟ ತಿರುವಿದೆ.

"ತಪ್ಪು ನನ್ನದು ಸ್ವಾಮಿ," ಎಂದರು ಅವರು.

ಅರ್ಜಿ ವಜಾ ಆಯಿತು. ಕೇಸೂ ನಮ್ಮ ಕಡೆಗೇ ಆಯಿತು. ಮೇಲಿನ ಕೋರ್ಟಿಗೆ ಹೋಗೋಣವೆಂದು ಅವರು ಎಷ್ಟು ಹೇಳಿದರೂ ಕೀಲಿಯವನಿಗೆ ಸಾಕಾಗಿ ಹೋಗಿತ್ತು, ಜಾಗ ಬಿಟ್ಟುಕೊಟ್ಟ. ಯಜಮಾನ ಅಲ್ಲಿ ಮುರಿದ ಕುರ್ಚಿಗಳನ್ನು ತುಂಬಿಸಿದ. ಈಗ ಕೀಲಿಯವನು ಕೋರ್ಟಿನ ಗೇಟಿನ ಪಕ್ಕ ಪಾದಚಾರಿ ದಾರಿಯಲ್ಲಿ ಒಂದು ಪೆಟ್ಟಿಗೆ, ಒಂದು ಕೊಡೆ ಇಟ್ಟುಕೊಂಡು ಕೂರುತ್ತಾನೆ. ನಾನು ಹಿಂಬದಿಯ ಗೇಟಿನಿಂದ ಓಡಾಡುತ್ತೇನೆ. ಮನೆಯ ಕೀಲಿ ಕಳೆದುಹೋದಾಗ ಮೂರು ಬೀದಿ ಆಚೆ ಹೋಗಿ ಮಾಡಿಸಿಕೊಂಡು ಬಂದಿದ್ದೇನೆ.

ಆ ಅರ್ಜಿ ವಜಾ ಆಗಿ ಒಂದು ತಿಂಗಳೂ ಆಗಿರಲಿಲ್ಲ. ನಾನು ಮೂರನೇ ಕೋರ್ಟ್ ಹಾಲಿನಲ್ಲಿ ಸಿಕ್ಕಿಕೊಂಡಿದ್ದೆ, ಒಂದನೇ ಹಾಲಿನಲ್ಲಿ ನನ್ನ ಕೇಸು ಕರೆದರು. ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಒಳಗಿನ ಧ್ವನಿ ಕೇಳಿಸಿತು: "ಬರ್ತಾರೆ ಸ್ವಾಮಿ, ಮೂರನೇ ಹಾಲಲ್ಲಿದ್ದಾರೆ." ಆ ಕೇಸಿಗೂ ಅವರಿಗೂ ಸಂಬಂಧವೇ ಇರಲಿಲ್ಲ, ಸುಮ್ಮನೆ ಹಿಂದೆ ಕೂತಿದ್ದವರು ಎದ್ದು ಹೇಳಿದ್ದರು. ನನಗೆ ಕೃತಜ್ಞತೆ ಬರಲಿಲ್ಲ, ಮೈಯೆಲ್ಲ ಉರಿಯಿತು. ಎಲ್ಲರೆದುರು ಛೀಮಾರಿ ಹಾಕಿದ್ದರೆ ವಾಸಿಯಿತ್ತು, ನಾನೂ ಎರಡು ಮಾತು ತಿರುಗಿಸಿ ಹೇಳಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದೆ. ಅವರು ನನಗೆ ಆ ಸುಖವನ್ನೂ ಕೊಡಲಿಲ್ಲ. ಆಮೇಲಿನ ಹದಿನೆಂಟು ವರ್ಷವೂ, ಅಂದರೆ ಈಗ ನಾಲ್ಕು ತಿಂಗಳ ಹಿಂದೆ ತೀರಿಕೊಳ್ಳುವ ತನಕವೂ, ನಕಲುಗಳನ್ನು ಹಿಂದಿನ ದಿನವೇ ನನ್ನ ಮೇಜಿಗೆ ತಂದಿಡುತ್ತಲೇ ಹೋದರು. ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬರೆದಿಟ್ಟ ಎರಡು ಪುಟದಲ್ಲಿ ಖಾಲಿ ಬಿಟ್ಟದ್ದನ್ನು ತುಂಬಬೇಕಲ್ಲ, ಹುಟ್ಟಿದ ವರ್ಷ, ಓದಿದ ಶಾಲೆ ಇವೆಲ್ಲ ಕೇಳಿಕೊಂಡು ಬರೋಣವೆಂದು ಮೊನ್ನೆ ಬೆಳಿಗ್ಗೆ ಅವರ ಹೆಂಡತಿಯನ್ನು ನೋಡಲು ಹೋದೆ. ಅದೇ ಒಂದೂವರೆ ಕೋಣೆ. ಅವರ ಕರಿಕೋಟು ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಆಕೆಗೆ ಎಪ್ಪತ್ತೆರಡು. ಎಡಗಣ್ಣು ಪೂರ್ತಿ ಹೋಗಿದೆ, ಕನ್ನಡಕದ ಆ ಗಾಜಿಗೆ ಬಿಳಿ ಕಾಗದ ಅಂಟಿಸಿಕೊಂಡಿದ್ದಾರೆ.

"ಬನ್ನಿ, ಕೂತ್ಕೊಳ್ಳಿ. ನಿಮ್ಮ ಹೆಜ್ಜೆ ಸದ್ದಿನಲ್ಲೇ ವಕೀಲರು ಅಂತ ಗೊತ್ತಾಯ್ತು. ಮೆಟ್ಟಿಲಿಗೂ ನೋಟಿಸು ಕೊಟ್ಟು ಹತ್ತಿದ ಹಾಗೆ ಹತ್ತುತ್ತೀರಿ," ಎಂದು ನಕ್ಕರು.

ಚಹಾ ಕೊಟ್ಟರು. ವರ್ಷ, ಶಾಲೆ, ಅಂಚೆ ಕಚೇರಿ ಎಲ್ಲ ಹೇಳಿದರು. ಬರೆದುಕೊಂಡು ಎದ್ದೆ. ಆಗ ಆಕೆ, "ಒಂದು ಮಾತು ಕೇಳ್ಬೇಕಿತ್ತು, ಬೇಜಾರು ಮಾಡ್ಕೋಬೇಡಿ," ಎಂದರು.

"ಕೇಳಿ ಅಮ್ಮ."

"ಕೀಲಿಯವನ ಕೇಸಲ್ಲಿ ನೀವು ಬರೆದ ತಕರಾರು ನಾನೇ ಕಡತಕ್ಕೆ ಹಾಕಿದ್ದು. ಇವರ ಕಾಗದ ಎಲ್ಲಾ ನಾನೇ ಜೋಡಿಸಿಡ್ತಿದ್ದೆ ನೋಡಿ. ಅದರಲ್ಲಿ ನನ್ನ ಕಣ್ಣು ಶುದ್ಧ ಸುಳ್ಳು ಅಂತ ಇತ್ತು. ಪಟ್ಟಿ ಇನ್ನೂ ಬಿಚ್ಚಿರ್ಲಿಲ್ಲ. ಓದಿ ಇವರ ಜೊತೆ ಜಗಳ ಆಡ್ದೆ. 'ಆ ಮೇಡಂಗೆ ಮೆಟ್ಟಿಲ ಮೇಲೆ ಹೇಳಿದ್ದೆ ಅಂತ ಕೋರ್ಟಲ್ಲಿ ಹೇಳಿ, ಪಾಪದವನ ಅಂಗಡಿ ಹೋಗುತ್ತೆ' ಅಂದೆ. ಅದಕ್ಕೆ ಇವರು, 'ಅಲ್ಲಿ ನಾವಿಬ್ಬರೇ ಇದ್ವಿ, ಅವರು ಇಲ್ಲ ಅಂದ್ರೆ ಒಬ್ಬರು ಸುಳ್ಳುಗಾರರು ಅಂತ ಆಗುತ್ತೆ, ಕೀಲಿಯವನಿಗೆ ಏನೂ ದಕ್ಕಲ್ಲ' ಅಂದ್ರು. 'ಅವರಾಗೇ ಹೇಳ್ತಾರೆ ಇರು' ಅಂದ್ರು."

ನಾನು ಬಾಗಿಲ ಹಿಂದಿನ ಕೋಟನ್ನು ನೋಡುತ್ತಿದ್ದೆ.

"ಅರ್ಜಿ ವಜಾ ಆದ್ಮೇಲೆ ಅಂದ್ರು, ಗಡಿಬಿಡೀಲಿ ಮರೆತಿರ್ತಾರೆ ಕಣೇ. ಮೂರನೇ ಪ್ಯಾರಾನೂ ಓದಿರಲ್ಲ, ಅದು ಅಚ್ಚಿನ ಸಾಲು, ನಾವೆಲ್ಲ ಓದದೇನೇ ಹಾಕ್ತೀವಿ, ಓದಿದ್ರೆ ಯಾರೂ ಹಾಗೆ ಬರೆಯಲ್ಲ ಅಂತ. ನನಗೆ ನಂಬಿಕೆ ಬರ್ಲಿಲ್ಲ. ಇಷ್ಟು ವರ್ಷ ಮನಸಲ್ಲೇ ಇಟ್ಕೊಂಡಿದೀನಿ. ಈಗ ಅವರೂ ಇಲ್ಲ. ನೀವೇ ಹೇಳಿ, ಅದನ್ನ ಓದಿದ್ರಾ?"

ಆ ಒಂದು ಕಣ್ಣು ನನ್ನ ಮುಖದ ಮೇಲಿತ್ತು. ಎಷ್ಟು ಸಾಕ್ಷಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ, 'ಹೌದೋ ಅಲ್ಲವೋ, ಅಷ್ಟೇ ಹೇಳಿ' ಎಂದು ಗದರಿಸಿದವಳು ನಾನು.

"ಇಲ್ಲಮ್ಮ," ಎಂದೆ. "ಓದಿರ್ಲಿಲ್ಲ."

ಆಕೆ ದೊಡ್ಡದಾಗಿ ಉಸಿರು ಬಿಟ್ಟರು. "ನೋಡಿ, ಅವರೇ ಸರಿ. ನಾನೇ ಸುಮ್ನೆ ನಿಮ್ಮ ಮೇಲೆ ಹೊಟ್ಟೇಲಿಟ್ಕೊಂಡು ಕೂತಿದ್ದೆ. ತಪ್ಪಾಯ್ತು ತಾಯಿ."

ಆಕೆ ನನ್ನ ಕ್ಷಮೆ ಕೇಳಿದರು. ನಾನು ಕೇಳಿಸಿಕೊಂಡು ನಿಂತೆ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ ಹೇಳಿದರು: "ಬರೆದಾದ ಮೇಲೆ ನನಗೇ ತಂದ್ಕೊಡಿ. ಇವರ ಬಗ್ಗೆ ಬರೆದದ್ದು ನನ್ನ ಕೈಯಲ್ಲೇ ಟೈಪ್ ಆಗ್ಬೇಕು. ಅಕ್ಷರ ಮಾತ್ರ ದೊಡ್ಡದಾಗಿರ್ಲಿ, ಒಂಟಿಗಣ್ಣಿನ ಟೈಪಿಸ್ಟು. ನಾನು ಮೊದಲೇ ಓದಿ ನೋಡೋಳಲ್ಲ, ಟೈಪ್ ಮಾಡ್ತಾ ಮಾಡ್ತಾನೇ ಓದೋದು."

ಹೊಗಳಿಕೆಯ ಎರಡು ಪುಟ ಆಗ ನನ್ನ ಚೀಲದಲ್ಲೇ ಇತ್ತು. ವರ್ಷ, ಶಾಲೆ ತುಂಬಿ ಕೊಡುವುದಷ್ಟೇ ಬಾಕಿ. ಕೊಟ್ಟಿದ್ದರೆ ಆಕೆ ಸಮಾಧಾನದಿಂದ ಟೈಪ್ ಮಾಡುತ್ತಿದ್ದರು, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು, ಅಧ್ಯಕ್ಷರು ನನ್ನ ಕೈ ಕುಲುಕುತ್ತಿದ್ದರು. ಎದುರು ಪಕ್ಷದವರೊಂದಿಗೆ ಮರ್ಯಾದೆಯಿಂದ ನಡೆದುಕೊಂಡ ವಕೀಲರಿಗೆ ಪ್ರತಿ ವರ್ಷ ಅವರ ಹೆಸರಿನಲ್ಲಿ ಗೌರವ ಕೊಡುತ್ತಾರಂತೆ. ಯಾವುದೋ ಒಂದು ವರ್ಷ ನನಗೂ ಕೊಟ್ಟುಬಿಡುತ್ತಿದ್ದರು.

ಅದಕ್ಕೇ ಹರಿದದ್ದು. ಅಮ್ಮ, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಬೆರಳಿಗೆ ಎಲ್ಲ ಗೊತ್ತಾಗಿರುತ್ತದೆ. ಬಹುಶಃ ಟೈಪ್ ಮಾಡುವುದನ್ನು ಅಲ್ಲೇ ನಿಲ್ಲಿಸಿರುತ್ತೀರಿ. ನಿಲ್ಲಿಸಿದರೆ ನಾನೇ ಸಭೆಯಲ್ಲಿ ಈ ಕೈಬರಹವನ್ನೇ ಓದುತ್ತೇನೆ. ಅವತ್ತು ಮುಂದಿನ ಗೇಟಿನಿಂದಲೇ ಬಂದು, ಕೀಲಿಯವನನ್ನೂ ಒಳಗೆ ಕರೆದುಕೊಂಡು ಬರುತ್ತೇನೆ, ಅವನು ಬರಲು ಒಪ್ಪಿದರೆ.

ನಿಮ್ಮ ಯಜಮಾನರು ನನ್ನ ಪರವಾಗಿ ನಿಮ್ಮ ಮುಂದೆ ಎರಡು ಮಾತು ಹೇಳಿದ್ದರು. ಅವುಗಳಿಗೆ ನನ್ನ ತಕರಾರು ಹೀಗಿದೆ. ಮರೆತಿರ್ತಾರೆ ಎಂದದ್ದು ನಿಜವಲ್ಲ, ನನಗೆ ನೆನಪಿತ್ತು. ಓದಿರಲ್ಲ ಎಂದದ್ದು ನಿಜವಲ್ಲ, ನಾನು ಎರಡು ಸಲ ಓದಿದ್ದೆ. ಮೂರನೇ ಪ್ಯಾರಾದಲ್ಲಿ ಹೇಳಿರುವುದು ನಿಜ.